ಆ ಕೆಂಪು ಗೆರೆಗಳು ನನ್ನವು

ದಿನಾ ಬೆಳಗ್ಗೆ ಆರೂವರೆಗೆ ನನ್ನ ಫೋನು ಟಿಣ್ ಎನ್ನುತ್ತದೆ. ತೆಗೆದು ನೋಡಿದರೆ ನಾನೇ ಎಳೆದ ಪೆನ್ಸಿಲ್ ಗೆರೆ. ಹಳೆಯ ವೇದಪುಸ್ತಕದ, ಅಂದರೆ ಬೈಬಲಿನ, ಒಂದು ಹಾಳೆ, ಅದರಲ್ಲಿ ಒಂದು ಸಾಲು, ಸಾಲಿನ ಕೆಳಗೆ ಕೆಂಪು ಗೆರೆ. ಫೋಟೋದ ಮೇಲೆ ‘ಅಪ್ಪನ ಇಂದಿನ ಗೆರೆ’ ಎಂದು ಹಳದಿ ಅಕ್ಷರ, ಸುತ್ತ ಗುಲಾಬಿ ಹೂವಿನ ಚಿತ್ರ. ಏಳು ಗಂಟೆಯೊಳಗೆ ಅದರ ಕೆಳಗೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಸಾಲಾಗಿ ಕೈಮುಗಿದು ‘ಆಮೆನ್’ ಹಾಕಿರುತ್ತಾರೆ. ಅಪ್ಪನ ಜೊತೆ ಕೆಲಸ ಮಾಡಿದವರು ಎಂಬ ಗೌರವಕ್ಕೆ ನನ್ನನ್ನೂ ಆ ಗುಂಪಿಗೆ ಸೇರಿಸಿದ್ದಾರೆ. ನಾನು ಏನೂ ಹಾಕುವುದಿಲ್ಲ. ಹಲ್ಲು ಕಡಿದುಕೊಂಡು ಕಾಫಿಗೆ ನೀರಿಡುತ್ತೇನೆ.

ಆ ಪುಸ್ತಕದ ಗೆರೆಗಳಲ್ಲಿ ಒಂದೇ ಒಂದೂ ಅವರಪ್ಪನದಲ್ಲ. ಅಷ್ಟೂ ನನ್ನವು. ನಾನೋ, ಚರ್ಚಿಗೆ ಸೇರಿದವಳೇ ಅಲ್ಲ. ಕೊಡಿಗೇಹಳ್ಳಿಯ ಒಕ್ಕಲು ಮನೆಯವಳು, ಮುನೇಶ್ವರನಿಗೆ ಹರಕೆ ಹೊತ್ತು ಹೆತ್ತ ಮಗಳು. ಆ ಮನುಷ್ಯ ಓದುವಾಗ ಎಲ್ಲೆಲ್ಲಿ ತಪ್ಪಿದರೋ ಅಲ್ಲಲ್ಲಿ ನಾನು ಹಾಕಿದ ಗುರುತು ಅದು, ಅಷ್ಟೇ. ನಲವತ್ತು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಹೋದ ತಿಂಗಳು ಬಾಯಿಬಿಟ್ಟೆ. ಬಿಟ್ಟದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಾಗಿಲ್ಲ. ಸಿಟ್ಟಂತೂ ಇಳಿದಿಲ್ಲ.

ಆ ಮಕ್ಕಳ ಅಪ್ಪ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ದನದ ಕೊಟ್ಟಿಗೆಯ ಅಟೆಂಡರು. ನಾನು ಕೊಟ್ಟಿಗೆಯ ಪಕ್ಕದ ಉಗ್ರಾಣದಲ್ಲಿ ಗುಮಾಸ್ತೆ. ಹಿಂಡಿ, ಬೂಸಾ, ಹಗ್ಗ, ಬಕೆಟ್ಟು ಎಲ್ಲಾ ನನ್ನ ಸುಪರ್ದಿ. ನನಗಿಂತ ಹತ್ತು ವರ್ಷ ದೊಡ್ಡವರು, ಎತ್ತರದ ಆಳು, ಯಾವುದಕ್ಕೂ ಅವಸರವಿಲ್ಲ. ಬೂಸಾ ಮೂಟೆ ಬೇಗ ಇಳಿಸ್ರೀ ಮಾರಾಯ್ರೇ ಎಂದರೆ, ಇಳೀತದೆ ಬುಡಿ, ಮೂಟೆ ಎಲ್ಲಿಗೆ ಓಡೋಗ್ತದೆ ಎನ್ನುತ್ತಿದ್ದರು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಸಿಟ್ಟು ಬಾರದ ಗಂಡಸರನ್ನು ಕಂಡರೆ ನನಗೆ ಇವತ್ತಿಗೂ ಅನುಮಾನ.

ಹಸು ತೊಳೆಯುತ್ತಾ ಏನೋ ಗೊಣಗುತ್ತಿರುತ್ತಿದ್ದರು. ಹಾಡೋ ಬೈಗುಳವೋ ಎಂದು ಒಂದು ದಿನ ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಪ್ರಾರ್ಥನೆ! ಅದರಲ್ಲೂ ಒಂದೊಂದು ಹಸುವಿಗೆ ಒಬ್ಬೊಬ್ಬ ಮನುಷ್ಯ. ಕೆಂದ ಹಸುವಿನ ಬೆನ್ನುಜ್ಜುವಾಗ ಹೆಂಡತಿಯ ಹೆಸರು, ಅದರ ಪಕ್ಕದ ಕರುವಿಗೆ ದೊಡ್ಡ ಮಗನ ಹೆಸರು, ಮೂಲೆಯ ಮುದಿ ಹಸುವಿಗೆ ಊರಿನಲ್ಲಿದ್ದ ತಾಯಿಯ ಹೆಸರು. ಹಾಲು ಕದಿಯುತ್ತಾನೆ ಎಂದು ಎಲ್ಲರಿಗೂ ಗೊತ್ತಿದ್ದ ಇನ್ನೊಬ್ಬ ಅಟೆಂಡರಿಗೂ ಒಂದು ಹಸು ಮೀಸಲು. ಯಾವುದಾದರೂ ಹಸು ಬೇರೆ ಕಡೆಗೆ ಹೋದರೆ ಆ ಹೆಸರನ್ನು ಇನ್ನೊಂದು ಹಸುವಿಗೆ ವರ್ಗಾಯಿಸುತ್ತಿದ್ದರು. ಯಾರೂ ಮರೆತುಹೋಗಬಾರದಲ್ಲ, ಅದಕ್ಕೆ. ನನಗೆ ಯಾವುದು ಕೊಟ್ಟಿದ್ದೀರಿ ಎಂದು ಕೇಳಿದೆ. ಹಿಂದೆಮುಂದೆ ನೋಡಿದರು. ಕೊನೆಗೆ ಬೆರಳು ತೋರಿಸಿದರು. ಒದೆಯುವ ಎಮ್ಮೆ! ಈಯಮ್ಮನ ಸಿಟ್ಟು ಇಳಿಸಪ್ಪಾ ಎಂದು ದಿನಾ ಅದರ ಕಾಲು ತೊಳೆಯುತ್ತಾ ಬೇಡುತ್ತಿದ್ದರಂತೆ. ಒಂದು ವಾರ ಅವರ ಜೊತೆ ಮಾತು ಬಿಟ್ಟೆ. ಎಮ್ಮೆಯೂ ಒದೆಯುವುದನ್ನು ಬಿಡಲಿಲ್ಲ, ನಾನೂ ಬಿಡಲಿಲ್ಲ.

ಬರೆದಿಟ್ಟುಕೊಳ್ಳಬಾರದೇ, ಹಸುಗಳನ್ನು ಯಾಕೆ ಸಾಲು ನಿಲ್ಲಿಸಿಕೊಳ್ಳುತ್ತೀರಿ ಎಂದು ಆಮೇಲೊಂದು ದಿನ ಕೇಳಿದಾಗ ಬಕೆಟ್ಟು ಎತ್ತಿಕೊಂಡು ಹೋಗಿಬಿಟ್ಟರು. ಕಾರಣ ಗೊತ್ತಾದದ್ದು ಮೂರು ತಿಂಗಳ ನಂತರ. ಅವರಿಗೆ ಓದು ಬರಹ ಬರುತ್ತಿರಲಿಲ್ಲ.

ಅವರ ಸಭೆಯಲ್ಲಿ ಭಾನುವಾರದ ಆರಾಧನೆಗೆ ಗಂಡಸರು ಸರದಿಯ ಮೇಲೆ ವೇದಪಾಠ ಓದಬೇಕು. ಇವರ ಸರದಿ ಬಂದಾಗಲೆಲ್ಲ ಜೇಬು ತಡಕಿ, ಕನ್ನಡಕ ಮರೆತು ಬಂದೆ ಎಂದು ಪಕ್ಕದವರಿಗೆ ಪುಸ್ತಕ ದಾಟಿಸುತ್ತಿದ್ದರು. ಹೀಗೆ ವರ್ಷಗಟ್ಟಲೆ ನಡೆದಿದೆ. ಒಂದು ಭಾನುವಾರ ದೊಡ್ಡ ಮಗ ಜಯರಾಜ, ಆಗ ಅವನಿಗೆ ಹತ್ತು ವರ್ಷ, ಸಭೆಗೆಲ್ಲ ಕೇಳುವ ಹಾಗೆ, “ಅಪ್ಪಾ, ನಿನ್ ಹತ್ರ ಕನ್ನಡಕಾನೇ ಇಲ್ವಲ್ಲ?” ಎಂದುಬಿಟ್ಟ. ಜನ ನಕ್ಕರು. ಸೋಮವಾರ ಊಟದ ಹೊತ್ತಿಗೆ ಇವರು ಉಗ್ರಾಣದ ಬಾಗಿಲಿಗೆ ಬಂದು ನಿಂತರು. ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ದಪ್ಪ ಪುಸ್ತಕ.

“ಓದೋದು ಕಲಿಸ್ಕೊಡಿ. ಮಕ್ಕಳಿಗೆ ಮಾತ್ರ ಗೊತ್ತಾಗಬಾರ್ದು, ನಾನು ಸತ್ ಮೇಲೂ ಗೊತ್ತಾಗಬಾರ್ದು,” ಎಂದರು. ಆಣೆ ಹಾಕಿಸಿಕೊಳ್ಳಲಿಲ್ಲ, ಅವರ ಸಭೆಯಲ್ಲಿ ಆಣೆ ಇಡಬಾರದಂತೆ. ನೀವು ಹೂಂ ಅಂದ್ರೆ ಸಾಕು ಎಂದರು. ಹೂಂ ಎಂದೆ.

ಒಂದೂವರೆ ವರ್ಷ ಕಲಿಸಿದೆ. ದಿನಾ ಅರ್ಧ ಗಂಟೆ. ಬೂಸಾ ಮೂಟೆಯ ಮೇಲೆ ಒಗೆದ ಟವೆಲ್ಲು ಹಾಸಿ, ಕೈಯನ್ನು ಮೂರು ಸಲ ಪ್ಯಾಂಟಿಗೆ ಒರೆಸಿಕೊಂಡು, ಪುಸ್ತಕ ಬಿಡಿಸುತ್ತಿದ್ದರು. ಅಕ್ಷರಮಾಲೆಯ ಪುಸ್ತಕ ತಂದುಕೊಡುತ್ತೇನೆ ಎಂದರೆ ಬೇಡವೆಂದರು. ಕಲಿತರೆ ಇದರಲ್ಲೇ ಕಲಿಯಬೇಕು. ನಾನೇನು ಟೀಚರ್ ಟ್ರೈನಿಂಗ್ ಮಾಡಿದವಳಲ್ಲ. ಸಹನೆ ಎಂಬುದು ನಮ್ಮ ವಂಶದಲ್ಲೇ ಇಲ್ಲ. ಒತ್ತಕ್ಷರ ಬಂದಲ್ಲಿ ಅವರ ನಾಲಿಗೆ ಕಟ್ಟಿಹಾಕಿದ ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ನಾನು ಮೂಟೆಗಳಿಗೆ ಗುರುತು ಹಾಕುವ ಕೆಂಪು ಪೆನ್ಸಿಲ್ ತೆಗೆದು ಆ ಸಾಲಿನ ಕೆಳಗೆ ಸರ್ ಎಂದು ಗೆರೆ ಎಳೆದು, ನಾಳೆ ಈ ಸಾಲು ಸರಿಯಾಗಿ ಓದದಿದ್ದರೆ ಬರಲೇಬೇಡಿ ಎಂದು ಗದರಿಸುತ್ತಿದ್ದೆ. ದೇವರ ಪುಸ್ತಕದ ಮೇಲೆ ಗೆರೆ ಎಳೆಯುವುದಕ್ಕೆ ಮೊದಲ ದಿನ ನಾನೇ ಹಿಂಜರಿದಿದ್ದೆ, ಪೆನ್ಸಿಲನ್ನು ಅವರ ಕೈಗೆ ಕೊಡಲು ಹೋದೆ. ಅವರು ಕೈ ಹಿಂದಕ್ಕೆಳೆದುಕೊಂಡರು. ನಾನು ಗೀಚಬಾರ್ದು, ನೀವು ಕಲಿಸೋರು, ನೀವು ಎಳೀಬೋದು ಎಂದರು. ಆಮೇಲೆ ಎಂದೂ ಅವರು ಆ ಪೆನ್ಸಿಲ್ ಮುಟ್ಟಲಿಲ್ಲ.

ಬೈದರೆ ನಗುತ್ತಿದ್ದರು. ನಾಲಿಗೆ ಹೊರಳ್ಲಿಲ್ಲ ಟೀಚರಮ್ಮ, ತಿರುಗಾ ಓದ್ತೀನಿ ಎನ್ನುತ್ತಿದ್ದರು. ಆಫೀಸಿನಲ್ಲೆಲ್ಲ ನನಗೆ ಟೀಚರಮ್ಮ ಎಂಬ ಹೆಸರು ನಿಂತದ್ದು ಹಾಗೆ. ನಾನು ಎಲ್ಲರನ್ನೂ ಗದರಿಸುತ್ತೇನಲ್ಲ, ಅದಕ್ಕೆ ಬಂದ ಅಡ್ಡಹೆಸರು ಎಂದು ಜನ ಅಂದುಕೊಂಡರು. ಇಬ್ಬರೂ ತಿದ್ದಲಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಅವರಿಗೆ ಇಷ್ಟವಾದ ಜಾಗಗಳು ಆ ಪುಸ್ತಕದಲ್ಲಿ ಬೇಕಾದಷ್ಟಿದ್ದವು. ಕುರಿ ಕಳೆದುಕೊಂಡವನ ಕಥೆ ಬಂದರೆ ಕಣ್ಣು ತುಂಬಿಕೊಳ್ಳುತ್ತಿದ್ದರು. ಸಣ್ಣಂದಿನಿಂದ ಕೇಳಿ ಕೇಳಿ ಅರ್ಧ ಬಾಯಿಪಾಠವಾಗಿದ್ದರಿಂದ ಅಂಥ ಕಡೆ ಅವರು ತಪ್ಪುತ್ತಲೇ ಇರಲಿಲ್ಲ. ತಪ್ಪದ ಕಡೆ ನಾನು ಗೆರೆ ಎಳೆಯುವುದೂ ಇರಲಿಲ್ಲ. ಹೀಗಾಗಿ ಅವರ ಎದೆಗೆ ಹತ್ತಿರವಿದ್ದ ಹಾಳೆಗಳೆಲ್ಲ ಚೊಕ್ಕಟ. ಕೆಂಪು ಬಿದ್ದದ್ದೆಲ್ಲ ಅರ್ಥವಾಗದ, ನಾಲಿಗೆ ಹೊರಳದ, ಹೆಸರುಗಳ ಪಟ್ಟಿಯ, ಕಟ್ಟಳೆಗಳ ಕಡೆ.

ಕೊನೆಗೊಂದು ಭಾನುವಾರ ಅವರ ಸರದಿ ಬಂತು. ನನ್ನನ್ನೂ ಕರೆದಿದ್ದರು. ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂತೆ. ಎದ್ದು ಹೋದರು, ಪುಸ್ತಕ ಬಿಡಿಸಿದರು, ಓದಿದರು. ಅರ್ಧಕ್ಕೆ ಒಂದು ಕಡೆ ಎಡವಿತು. ಬೇರೆಯವರಾಗಿದ್ದರೆ ನುಂಗಿಕೊಂಡು ಮುಂದೆ ಹೋಗುತ್ತಿದ್ದರು. ಇವರು ತಲೆಯೆತ್ತಿ ಸಭೆಯನ್ನೇ ನೋಡಿ, ತಪ್ಪು ಓದಿದೆ, ತಿರುಗಾ ಓದ್ತೀನಿ ಎಂದು ಹೇಳಿ ಆ ಸಾಲನ್ನು ಮೊದಲಿನಿಂದ ಓದಿದರು. ಅವರ ಹೆಂಡತಿಯ ಮಡಿಲಲ್ಲಿ ಕೊನೆಯ ಮಗಳು ಕರುಣಾ, ಇನ್ನೂ ಹಾಲು ಕುಡಿಯುವ ಕೂಸು. ಜಯರಾಜ ಎದೆಯುಬ್ಬಿಸಿ ಕೂತಿದ್ದ. ಅಪ್ಪ ಹೊಸ ಕನ್ನಡಕ ಹಾಕಿಕೊಂಡಿದ್ದರಿಂದ ಓದಿದರು ಎಂದೇ ಆ ಹುಡುಗ ತಿಳಿದ. ಸಾದಾ ಗಾಜಿನ ಕನ್ನಡಕ ಅದು, ಶಿವಾಜಿನಗರದ ಫುಟ್‌ಪಾತಿನಲ್ಲಿ ನಾನೇ ಕೊಡಿಸಿದ್ದೆ.

ಅವರಿಗೆ ಅರವತ್ತಾಯಿತು, ನಿವೃತ್ತರಾದರು. ಕೊಟ್ಟಿಗೆಯಲ್ಲಿ ಒಂದೊಂದು ಹಸುವಿನ ಬೆನ್ನ ಮೇಲೂ ಕೈಯಿಟ್ಟು ಹೊರಟರು. ಅಷ್ಟೂ ಹೆಸರುಗಳನ್ನು ಎಲ್ಲಿಗೆ ಒಯ್ದರೋ ನಾನು ಕೇಳಲಿಲ್ಲ. ಯಲಹಂಕದಲ್ಲಿ ಮಗನ ಮನೆ ಸೇರಿದರು. ಎಂಟು ವರ್ಷದ ಹಿಂದೆ ತೀರಿಕೊಂಡರು. ಸಮಾಧಿಯ ಹತ್ತಿರ ಅಯ್ಯನವರು, ಅಂದರೆ ಅವರ ಸಭೆಯ ಪಾದ್ರಿ, ಈ ಹಿರಿಯರು ವೇದವನ್ನು ಎಷ್ಟು ಆಳವಾಗಿ ಅಧ್ಯಯನ ಮಾಡಿದ್ದರೆಂದರೆ ಪುಸ್ತಕದ ಹಾಳೆಹಾಳೆಯಲ್ಲೂ ಗುರುತಿದೆ ಎಂದು ಹೊಗಳಿದರು. ನಾನು ಮಣ್ಣು ಹಾಕುತ್ತಾ ತುಟಿ ಕಚ್ಚಿಕೊಂಡೆ. ಆಗ ನಗು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಗುರುತಿಗೆ ಇಷ್ಟು ಮರ್ಯಾದೆಯೇ ಎಂದುಕೊಂಡೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಜಯರಾಜ ಆ ಪುಸ್ತಕಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿದ. ಅವನು ಕೆಟ್ಟವನಲ್ಲ, ಸಭೆಯ ಹಿರಿಯ, ಯಾರಿಗೆ ಕಷ್ಟವೆಂದರೂ ಓಡುತ್ತಾನೆ. ಆದರೆ ಅಪ್ಪನಿಲ್ಲದ ಮನೆಯಲ್ಲಿ ತಾನೇ ತೀರ್ಮಾನ ಮಾಡಬೇಕಾಗಿ ಬಂದಾಗ ಹೆದರಿದ. ಹೆದರಿದವನಿಗೆ ಗೆರೆ ಸಿಕ್ಕಿತು. ಮನೆಯಲ್ಲಿ ಏನೇ ತೀರ್ಮಾನವಾಗಬೇಕಿದ್ದರೂ ಪ್ರಾರ್ಥನೆ ಮಾಡಿ, ಪೆಟ್ಟಿಗೆ ತೆಗೆದು, ಅದಕ್ಕೆ ಸಂಬಂಧಪಟ್ಟ ಕಡೆ ಅಪ್ಪ ಗೆರೆ ಎಳೆದಿದ್ದಾರಾ ಎಂದು ಹುಡುಕುವುದು ಪದ್ಧತಿಯಾಯಿತು. ತಿನ್ನಬಾರದ ಪ್ರಾಣಿಗಳ ಪಟ್ಟಿಯಲ್ಲಿ, ರೆಕ್ಕೆ ಪೊರೆ ಇಲ್ಲದ ನೀರಿನ ಜೀವಿಗಳ ಮಾತು ಬರುವಲ್ಲಿ ಇವರ ನಾಲಿಗೆ ಹೊರಳಿರಲಿಲ್ಲ. ಅಲ್ಲೊಂದು ಗೆರೆ. ಅಷ್ಟಕ್ಕೇ ಮೂರು ತಲೆಮಾರು ಸಿಗಡಿ, ಏಡಿ ಬಿಟ್ಟುಬಿಟ್ಟಿತು! ಆ ಮನುಷ್ಯ ಹೆಬ್ಬಾಳ ಕೆರೆಯ ಏಡಿ ಹಿಡಿದು ತಂದು ಉಗ್ರಾಣದ ಹಿಂದೆ ಸುಟ್ಟು, ಚಿಪ್ಪು ಒಡೆದು ನನಗೂ ಕೊಟ್ಟವರು. ಹೋಗಲಿ, ಏಡಿ ತಿನ್ನದಿದ್ದರೆ ಯಾರೂ ಸಾಯುವುದಿಲ್ಲ ಎಂದು ಸುಮ್ಮನಾದೆ. ರಾಜನ ಮುಂದೆ ಕುಣಿದ ಹುಡುಗಿಯ ಕಥೆಯಲ್ಲಿ ರಾಜನ ಹೆಸರು ಉಚ್ಚರಿಸಲು ಬಾರದೆ ಗೆರೆ ಬಿದ್ದಿತ್ತು. ತಾತ ಇಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ ಎಂದು ಮೊಮ್ಮಗಳೊಬ್ಬಳನ್ನು ಕಾಲೇಜಿನ ಡ್ಯಾನ್ಸಿನಿಂದ ಬಿಡಿಸಿದರು. ಆಗಲೂ ಕುದ್ದುಹೋದೆ, ಆದರೂ ಬಾಯಿ ತೆರೆಯಲಿಲ್ಲ. ಹೂಂ ಎಂದಿದ್ದೆನಲ್ಲ.

ಆಮೇಲೆ ಬಂದದ್ದು ಕರುಣಾಳ ಸರದಿ.

ಕರುಣಾಗೆ ಈಗ ನಲವತ್ತೊಂದು. ಸಿಟಿ ಬಸ್ಸಿನಲ್ಲಿ ಕಂಡಕ್ಟರು. ಯಲಹಂಕದಿಂದ ಹೆಬ್ಬಾಳದ ಮೇಲೆ ಯಶವಂತಪುರ. ಗಂಡ ಆರು ವರ್ಷದ ಹಿಂದೆ ಕಾಯಿಲೆಯಲ್ಲಿ ಹೋದ, ಮಕ್ಕಳಾಗಿರಲಿಲ್ಲ. ಮಕ್ಕಳ ಪೈಕಿ ಅಪ್ಪನನ್ನು ನಿಜಕ್ಕೂ ಹೊತ್ತುಕೊಂಡಿರುವವಳು ಇವಳೊಬ್ಬಳೇ ಎಂದು ನನ್ನ ಲೆಕ್ಕ. ಒಂದು ಸಲ ಅವಳ ಬಸ್ಸಿನಲ್ಲಿ ಹೋಗುವಾಗ, ಬಾಗಿಲ ಹತ್ತಿರ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. ಏನೇ ಅದು ಎಂದೆ. ಅಪ್ಪ ಹಸುಗಳಿಗೆ ಹಂಚಿದ ಹಾಗೆ ಇವಳು ಸ್ಟಾಪುಗಳಿಗೆ ಹಂಚಿಕೊಂಡಿದ್ದಳು. ಕೋಗಿಲು ಕ್ರಾಸಿಗೆ ಅತ್ತಿಗೆ, ಬ್ಯಾಟರಾಯನಪುರಕ್ಕೆ ಡ್ರೈವರಣ್ಣ. ಜಯರಾಜನಿಗೆ ಹೆಬ್ಬಾಳದ ಫ್ಲೈಓವರ್ ಕೊಟ್ಟಿದ್ದಾಳಂತೆ, ಅಲ್ಲಿ ಜಾಮ್ ಜಾಸ್ತಿ, ಅವನಿಗೆ ಅಷ್ಟು ಟೈಮ್ ಬೇಕು ಎಂದು ನಕ್ಕಳು.

ವಸಂತ ಎಂಬವನು ದಾಸರಹಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರ ನಡೆಸುವವನು. ಸಂಜೆ ಗೊರಗುಂಟೆಪಾಳ್ಯದಲ್ಲಿ ಇವಳ ಬಸ್ಸು ಹತ್ತುತ್ತಿದ್ದ. ಇವರದೇ ಸಭೆಯವನು, ತಾಯಿಯನ್ನು ನೋಡಿಕೊಳ್ಳುತ್ತಾ ಮದುವೆಯ ವಯಸ್ಸು ದಾಟಿಸಿಕೊಂಡವನು. ಎರಡು ವರ್ಷ ಟಿಕೆಟ್ ತೆಗೆದುಕೊಂಡ ಮೇಲೆ ಮದುವೆ ಆಗೋಣವೇ ಎಂದು ಕೇಳಿದನಂತೆ. ಇವಳು ಒಪ್ಪಿದಳು. ಅಣ್ಣನಿಗೆ ಹೇಳಿದಳು. ಜಯರಾಜ ಇಲ್ಲವೆನ್ನಲಿಲ್ಲ, ಹೌದೆನ್ನಲಿಲ್ಲ. ಅಪ್ಪನ ನೆನಪಿನ ಪ್ರಾರ್ಥನೆ ಬರ್ತಿದೆಯಲ್ಲ, ಅವತ್ತು ಗೆರೆ ನೋಡೋಣ ಎಂದ.

ಕರುಣಾ ನನಗೆ ಫೋನ್ ಮಾಡಿ ಇಷ್ಟು ಹೇಳಿ, ನೀವು ಬರ್ತೀರಲ್ಲ ಆಂಟಿ ಎಂದಳು. ಬರ್ತೀನಿ ಎಂದೆ. ವಿಧವೆಯರ ಮದುವೆಯ ಮಾತು ಬರುವ ಕಡೆ ಗೆರೆ ಇರುವುದು ನನಗೆ ಗೊತ್ತಿತ್ತು. ವಿಧವೆಯರು ಇದ್ದ ಹಾಗೆಯೇ ಇದ್ದುಬಿಡುವುದು ಒಳ್ಳೆಯದು ಎಂಬ ಅರ್ಥದ ಸಾಲು, ಹಿಂದಿನ ಕಾಲದ ಒಂದು ಸಭೆಗೆ ಬರೆದ ಕಾಗದದ ಭಾಗದಲ್ಲಿ ಬರುತ್ತದೆ. ಅಲ್ಲಿ ಇವರು ಮೂರು ಸಲ ಎಡವಿ, ನಾನು ಎರಡು ಗೆರೆ ಎಳೆದಿದ್ದೆ. ಬೇರೆಲ್ಲೂ ಎರಡು ಇಲ್ಲ. ಅದರ ಮುಂದಿನ ಸಾಲಿನಲ್ಲೇ, ಹಾಗಿರಲು ಆಗದಿದ್ದರೆ ಮದುವೆ ಮಾಡಿಕೊಳ್ಳಲಿ ಎಂದೂ ಇದೆ. ಅದನ್ನು ಇವರು ಗಟಗಟ ನೀರು ಕುಡಿದ ಹಾಗೆ ಓದಿದ್ದರು. ಗೆರೆ ಇಲ್ಲ.

ಭಾನುವಾರ ಮಧ್ಯಾಹ್ನ. ಯಲಹಂಕದ ಅಪಾರ್ಟ್‌ಮೆಂಟಿನ ಐದನೇ ಮಹಡಿಯ ಹಾಲಿನಲ್ಲಿ ಚಾಪೆ, ಕುರ್ಚಿ, ಮನೆಮಂದಿಯೆಲ್ಲ. ಹಾಡಾಯಿತು, ಪ್ರಾರ್ಥನೆಯಾಯಿತು. ಜಯರಾಜ ಗಾಜಿನ ಪೆಟ್ಟಿಗೆ ತೆಗೆದ. ಬಿಳಿ ಕಾಗದ ಸಿಕ್ಕಿಸಿ ಮೊದಲೇ ಜಾಗ ಹುಡುಕಿಟ್ಟಿದ್ದ. ವಾಯುಪಡೆಯ ವಿಮಾನವೊಂದು ತಲೆಯ ಮೇಲೆ ಸದ್ದು ಮಾಡಿಕೊಂಡು ಹೋಯಿತು. ಅದು ಮುಗಿಯುವವರೆಗೆ ಕಾದು, ಆ ಸಾಲು ಓದಿದ. ಪುಸ್ತಕವನ್ನು ಎಲ್ಲರಿಗೂ ತಿರುಗಿಸಿ ತೋರಿಸಿದ. ಅಪ್ಪ ಇಲ್ಲಿ ಎರಡು ಗೆರೆ ಹಾಕಿದ್ದಾರೆ, ಇದಕ್ಕಿಂತ ಸ್ಪಷ್ಟವಾಗಿ ಅವರು ಏನು ಹೇಳಬೇಕಿತ್ತು ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು. ಅಳುತ್ತಾ ಅನ್ಯಾಯ ಮಾಡುವವರಿಗೆ ಎದುರು ಹೇಳುವುದು ಕಷ್ಟ.

ಮುಂದಿನ ಸಾಲು ಓದು ಎಂದೆ.

“ಅದಕ್ಕೆ ಅಪ್ಪ ಗೆರೆ ಎಳೆದಿಲ್ವಲ್ಲ ಆಂಟಿ,” ಎಂದ.

ಅಷ್ಟೇ. ನಲವತ್ತು ವರ್ಷದ ಹೂಂ ಅಲ್ಲೇ ಮುರಿದು ಬಿತ್ತು.

“ಯಾವುದಕ್ಕೂ ಎಳೆದಿಲ್ಲ ಕಣೋ ನಿಮ್ಮಪ್ಪ. ಎಳೆದಿದ್ದು ನಾನು. ನಿಮ್ಮಪ್ಪಂಗೆ ಓದೋಕೆ ಬರ್ತಿರ್ಲಿಲ್ಲ. ಉಗ್ರಾಣದಲ್ಲಿ ಬೂಸಾ ಮೂಟೆ ಮೇಲೆ ಕೂರಿಸಿ ನಾನು ಕಲಿಸ್ದೆ. ತಪ್ಪು ಓದಿದ ಕಡೆಯೆಲ್ಲಾ ಗುರುತು ಹಾಕ್ದೆ. ನೀವೆಲ್ಲಾ ಎಂಟು ವರ್ಷದಿಂದ ಕೈ ಮುಗೀತಿರೋದು ಅವರ ತಪ್ಪುಗಳಿಗೆ.”

ನಾನು ನಿಲ್ಲಿಸಲಿಲ್ಲ, ನನಗೆ ಶುರುವಾದರೆ ನಿಲ್ಲಿಸಲು ಬರುವುದಿಲ್ಲ. ಏಡಿಯ ಕಥೆ ಹೇಳಿದೆ, ರಾಜನ ಹೆಸರಿನ ಕಥೆ ಹೇಳಿದೆ, ಫುಟ್‌ಪಾತಿನ ಕನ್ನಡಕದ ಕಥೆ ಹೇಳಿದೆ. ಕನ್ನಡಕ ಎಂದಾಗ ಜಯರಾಜನ ಮುಖ ಹತ್ತು ವರ್ಷದ ಹುಡುಗನದಾಯಿತು. ನಾನು ಅವತ್ತು ಚರ್ಚಲ್ಲಿ ಹಂಗೆ ಕೇಳಬಾರ್ದಿತ್ತು ಎಂದು ತನಗೆ ತಾನೇ ಎಂಬಂತೆ ಹೇಳಿದ. ಹೆಂಡತಿ ಅವನ ಭುಜದ ಮೇಲೆ ಕೈಯಿಟ್ಟಳು. ಆಗ ಅವನು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಿದ್ದರೆ ಈ ಬರಹವೇ ಬೇಕಿರಲಿಲ್ಲ. ಅವನು ಕಣ್ಣೊರೆಸಿಕೊಂಡು ತಲೆಯೆತ್ತಿದ.

“ಆಂಟಿ, ಗೆರೆ ನೀವೇ ಎಳೆದಿರಬಹುದು. ಎಳೆಸಿದ್ದು ದೇವರು.”

ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದೇ ದಾರಿ. ಆ ಮನುಷ್ಯ ಇಡೀ ಸಭೆಯ ಮುಂದೆ ತಪ್ಪು ಓದಿದೆ ಎಂದು ಒಪ್ಪಿಕೊಂಡವರು. ಅವರ ಮಗನಿಗೆ ಮನೆಯ ಹಾಲಿನಲ್ಲಿ ಒಪ್ಪಿಕೊಳ್ಳಲಾಗಲಿಲ್ಲ. ಇದು ಯಾವ ಸೀಮೆಯ ಭಕ್ತಿ, ನಿಮ್ಮಪ್ಪ ಇದ್ದಿದ್ದರೆ ನಿನ್ನನ್ನು ಎಮ್ಮೆ ಕಾಲಿಗೆ ಕಟ್ಟುತ್ತಿದ್ದರು ಎಂದು ಬಾಯಿಗೆ ಬಂದದ್ದು ಅಂದೆ. ಮಕ್ಕಳು ಮುಸಿಮುಸಿ ನಕ್ಕರು, ದೊಡ್ಡವರು ಗದರಿಸಿದರು.

ಅಷ್ಟು ಹೊತ್ತೂ ಕರುಣಾ ಕಿಟಕಿಯ ಹತ್ತಿರ ಚಾಪೆಯ ಮೇಲೆ ಕೂತಿದ್ದಳು. ಎದ್ದು ನಿಂತಳು. ಬಸ್ಸಿನಲ್ಲಿ ನಿಂತು ಕೂಗಿ ಅಭ್ಯಾಸವಾದ ಗಂಟಲು, ಆದರೂ ಮೆಲ್ಲಗೆ ಮಾತಾಡಿದಳು.

“ಅಣ್ಣ, ಆ ಗೆರೆ ಅಪ್ಪಂದೇ ಆಗಿದ್ರೂ ನಾನು ಮದುವೆ ಆಗ್ತಿದ್ದೆ. ನಾನು ಕೇಳೋಕ್ ಬಂದಿರಲಿಲ್ಲ, ಹೇಳೋಕ್ ಬಂದಿದ್ದೆ. ಮುಂದಿನ ತಿಂಗಳು ಅಯ್ಯನವರು ದಿನ ಕೊಟ್ಟಿದ್ದಾರೆ. ನೀನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ಬೇಕು ಅಂತ ನನ್ನಾಸೆ. ಬರದಿದ್ರೆ ಒಬ್ಬಳೇ ನಡ್ಕೊಂಡ್ ಹೋಗ್ತೀನಿ.”

ಜಯರಾಜನ ಹೆಂಡತಿ, ಊಟಕ್ಕೇಳಿ ಎಲ್ಲಾರೂ, ಬಿರಿಯಾನಿ ಆರ್ತಿದೆ ಎಂದಳು. ಜನ ಬದುಕಿದೆಯಾ ಬಡಜೀವವೇ ಎಂದು ಅಡುಗೆಮನೆಯ ಕಡೆ ಎದ್ದರು.

ನಾನು ಊಟಕ್ಕೆ ನಿಲ್ಲಲಿಲ್ಲ. ಗೆದ್ದೆ ಎಂದೇ ಅಂದುಕೊಂಡಿದ್ದೆ. ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನ ಹತ್ತಿರ ನಿಂತಿದ್ದಾಗ ಹಿಂದಿನಿಂದ ಕರುಣಾ ಬಂದಳು. ಎದೆಗವಚಿಕೊಂಡು ಆ ಪುಸ್ತಕ. ಥ್ಯಾಂಕ್ಸ್ ಹೇಳಲು ಬಂದಳು ಎಂದುಕೊಂಡು, ಅಯ್ಯೋ ಬಿಡೇ ಎನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

“ಯಾಕ್ ಹೇಳಿದ್ರಿ ಆಂಟಿ?” ಎಂದಳು.

ನಿನಗೋಸ್ಕರ ಎಂದೆ. ನನಗೆ ಬೇಕಿರಲಿಲ್ಲ ಎಂದಳು. ಅವಳ ಗಂಡ ಹೋದ ಮೇಲೆ ಅಣ್ಣನನ್ನು ಕೇಳಿ ಒಯ್ದು, ಒಂದು ವರ್ಷ ಈ ಪುಸ್ತಕವನ್ನು ಅವಳೇ ಇಟ್ಟುಕೊಂಡಿದ್ದಳಂತೆ. ಡ್ಯೂಟಿ ಮುಗಿಸಿ ಖಾಲಿ ಮನೆಗೆ ಬಂದು, ಕೂಡಲೇ ಯಾವುದೋ ಒಂದು ಗೆರೆ ತೆಗೆದು, ಅದರ ಮೇಲೆ ಬೆರಳಿಟ್ಟುಕೊಂಡು ಕೂರುತ್ತಿದ್ದಳಂತೆ. ಸಾಲಿನ ಅರ್ಥ ಎಷ್ಟೋ ಸಲ ಆಗುತ್ತಿರಲಿಲ್ಲವಂತೆ. ಬರೀ ಹೆಸರುಗಳ ಪಟ್ಟಿಯಾದರೂ ಪರವಾಗಿಲ್ಲ, ಅಪ್ಪನ ಕೈ ಇಲ್ಲಿ ಓಡಾಡಿದೆ ಎನ್ನುವುದೇ ಸಾಕಾಗಿತ್ತಂತೆ. ಗಂಡ ಹೋದ, ಅಪ್ಪನ ಕೈ ಇದೆ ಎಂದುಕೊಂಡು ಅವಳು ಆ ವರ್ಷ ದಾಟಿದ್ದಳು. ಇದನ್ನೆಲ್ಲ ಅಳದೆ ಹೇಳಿದಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನನಗೆ ನನ್ನ ಮೇಲೆಯೇ ಸಿಟ್ಟು ಉಕ್ಕಿತು. ಸ್ವಲ್ಪ ತಾಳಿದ್ದರೆ ಇವಳು ತಾನೇ ಎದ್ದು ಹೇಳುತ್ತಿದ್ದಳು. ಸತ್ತ ಮೇಲೂ ಗೊತ್ತಾಗಬಾರದು ಎಂದಿದ್ದ ಒಂದೇ ಒಂದು ಮಾತನ್ನು ಬೀದಿಗೆ ಚೆಲ್ಲಿದ್ದೆ, ಅದೂ ಯಾರಿಗೂ ಬೇಡದಿದ್ದಾಗ.

ಗೆರೆ ಇಲ್ಲದಿರೋ ಕಡೆಯೆಲ್ಲಾ ನಿಮ್ಮಪ್ಪಂದೇ ಕಣೇ, ಅವರಿಗೆ ಇಷ್ಟ ಆಗಿದ್ದೆಲ್ಲಾ ಅಲ್ಲೇ ಇದೆ ಎಂದೆ. ದೊಡ್ಡ ಮಾತು ಹೇಳಿದೆ ಅಂದುಕೊಂಡೆ. ಅವಳು ಪುಸ್ತಕದ ದಪ್ಪ ನೋಡಿದಳು.

“ಇಷ್ಟರಲ್ಲಿ ನಾನೆಲ್ಲಿ ಅಂತ ಹುಡುಕ್ಲಿ ಆಂಟಿ? ಅಪ್ಪ ತಾನಾಗೇ ಎಳೆದಿರೋದು ಒಂದೂ ಇಲ್ವಾ?”

ಲಿಫ್ಟು ಬಂತು, ಬಾಗಿಲು ತೆರೆಯಿತು, ಯಾರೂ ಹತ್ತದಿರುವುದನ್ನು ನೋಡಿ ಮುಚ್ಚಿಕೊಂಡು ಇಳಿದುಹೋಯಿತು. ನಾನು ಪುಸ್ತಕ ಈಸಿಕೊಂಡೆ. ಗಂಡ ಸತ್ತ ಸೊಸೆಯೊಬ್ಬಳು ಪರವೂರಿನ ಹೊಲದಲ್ಲಿ ತೆನೆ ಆಯುತ್ತಾಳೆ, ಆ ಹೊಲದ ಯಜಮಾನ ಅವಳನ್ನು ಮದುವೆಯಾಗುತ್ತಾನೆ. ಅಂಥದೊಂದು ಕಥೆ ಅದರಲ್ಲಿದೆ. ಅಲ್ಲಿ ಒಂದೇ ಗೆರೆ. ಅವತ್ತು ಮೇಲಿನ ಅಧಿಕಾರಿಯ ಹತ್ತಿರ ಬೈಸಿಕೊಂಡು ಬಂದಿದ್ದೆ, ಇವರು ಒಂದು ಊರಿನ ಹೆಸರಿಗೆ ತಡವರಿಸಿದರು, ಕತ್ತೆ ಮೇಯಿಸೋಕೆ ಹೋಗಿ ಎಂದು ಕಿರುಚಿ ಸಿಟ್ಟಿನಲ್ಲಿ ಎಳೆದಿದ್ದೆ. ಪೆನ್ಸಿಲ್ ಜಾರಿ ಗೆರೆ ಸೊಟ್ಟಂಬಟ್ಟ ಆಗಿ ಅಂಚಿನವರೆಗೆ ಹೋಗಿದೆ. ಹುಡುಕಲು ಕೈ ತಡಕಾಡಿತು, ಆದರೂ ಸಿಕ್ಕಿತು.

“ಇದು. ಇದೊಂದು ಅವರದೇ. ನೋಡು, ಸೊಟ್ಟಗಿದೆ,” ಎಂದೆ.

ಕರುಣಾ ಹಾಳೆಯನ್ನು ಬೆಳಕಿಗೆ ಹಿಡಿದು ಕಥೆ ಯಾವುದೆಂದು ನೋಡಿದಳು. ಮತ್ತೆ ನೋಡಿದಳು. ಗೆರೆಯ ಮೇಲೆ ತೋರುಬೆರಳಿಟ್ಟು, ಅದರ ಅಂಕುಡೊಂಕನ್ನೆಲ್ಲ ಬಿಡದೆ, ಕೊನೆಯವರೆಗೂ ನಿಧಾನವಾಗಿ ಎಳೆದಳು. ಆಗ ಅತ್ತಳು.

“ಅಪ್ಪನ ಕೈ ನಡುಗಿದೆ ಅಲ್ವಾ ಆಂಟಿ ಇಲ್ಲಿ?”

“ಹೂಂ. ನಡುಗಿತ್ತು,” ಎಂದೆ.

ಕರು ಅಡ್ಡ ಬಿದ್ದ ಹಸುವಿನ ಹೊಟ್ಟೆಯೊಳಕ್ಕೆ ಮೊಣಕೈವರೆಗೆ ಕೈಹಾಕಿ, ಡಾಕ್ಟರುಗಳು ಬೆವರುತ್ತಾ ನಿಂತಿರುವಾಗ ಕರುವಿನ ಕಾಲು ಹುಡುಕಿ ತಿರುಗಿಸಿ ತರುತ್ತಿದ್ದ ಕೈ ಅದು. ಮೂವತ್ತು ವರ್ಷ ನೋಡಿದ್ದೇನೆ. ಒಂದು ದಿನವೂ ನಡುಗಿದ್ದಿಲ್ಲ.